ಸಮುದ್ರ ಹೊಳೆಯುತ್ತಿದೆಯಾ? ಮೊದಲು ಒಂದು ಬಕೆಟ್ ನೀರು ಎತ್ತಿ

"ಮೇಡಂ, ರಾತ್ರಿ ಸಮುದ್ರ ನೀಲಿಯಾಗಿ ಹೊಳೀತಿತ್ತು, ಏನದು?" ಈ ಪ್ರಶ್ನೆಯ ಜೊತೆ ಹೆಚ್ಚಾಗಿ ಒಂದು ಫೋಟೊನೂ ಬರುತ್ತದೆ. ದಡದುದ್ದಕ್ಕೂ ಉರಿಯುವಂಥ ನೀಲಿ ಪಟ್ಟಿ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಗುರುತಿಸುವುದೇ ನನ್ನ ಕೆಲಸ, ಹಾಗಾಗಿ ಇಂಥ ಪ್ರಶ್ನೆ ಬರುತ್ತಲೇ ಇರುತ್ತದೆ. ಫೋಟೊ ನೋಡಿ ನಾನು ಉತ್ತರ ಹೇಳುವುದಿಲ್ಲ. ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ನೀರು ಕದಡಿದಾಗ ಮಾತ್ರ ಹೊಳೆಯಿತಾ, ಇಲ್ಲಾ ಸುಮ್ಮನಿದ್ದಾಗಲೂ ಹೊಳೆಯುತ್ತಿತ್ತಾ?

ಫೋಟೊದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಕತ್ತಲೆಯಲ್ಲಿ ಕ್ಯಾಮೆರಾ ಹತ್ತಿಪ್ಪತ್ತು ಸೆಕೆಂಡು ಕಣ್ಣು ಬಿಟ್ಟುಕೊಂಡಿರುತ್ತದೆ. ಅಷ್ಟರಲ್ಲಿ ಮಿಂಚಿ ಆರಿದ ಸಾವಿರಾರು ಕಿಡಿಗಳು ಒಂದರ ಮೇಲೊಂದು ಕೂತು ನಿಂತ ಬೆಳಕಿನ ಹಾಗೆ ಕಾಣುತ್ತವೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣವೂ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಫೋಟೊ ನೋಡಿ ಹೋದವರು "ಅಷ್ಟೇನೂ ನೀಲಿ ಇರಲಿಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ದಡದಲ್ಲಿ ನಿಂತು ನೋಡಿದ ಬೆಳಕಾದರೆ, ಬಹುಪಾಲು ಸಲ ಅದು ಕದಡಿದಾಗ ಮಿಂಚುವ ಜಾತಿಯದು. ಅಲೆ ಒಡೆದಾಗ, ಮೀನು ಹಾದುಹೋದಾಗ, ಒದ್ದೆ ಮರಳಿನ ಮೇಲೆ ಕಾಲಿಟ್ಟಾಗ ಮಿಂಚು. ಮರುಕ್ಷಣ ಕತ್ತಲೆ. ಇದು ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳ ಕೆಲಸ. ಅವುಗಳಲ್ಲಿ ಜಾಸ್ತಿ ಹೆಸರಾದದ್ದು ನಾಕ್ಟಿಲೂಕ. ಒಂದೇ ಕೋಶವಾದರೂ ಅರ್ಧ ಮಿಲಿಮೀಟರ್ ಆಸುಪಾಸು ಬೆಳೆಯುವುದರಿಂದ ಬರಿಗಣ್ಣಿಗೂ ಚುಕ್ಕಿಯಂತೆ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಪಾರದರ್ಶಕ ಗುಳ್ಳೆ, ಅದರ ಒಂದು ಕಡೆ ತಗ್ಗು, ಆ ತಗ್ಗಿನಿಂದ ಹೊರಟ ಸಣ್ಣ ಬಾಲ. ಒಮ್ಮೆ ನೋಡಿದರೆ ಆಮೇಲೆ ಗುರುತು ತಪ್ಪುವುದಿಲ್ಲ.

ಮಿಂಚುವ ಬಗೆ ನನಗೆ ಈಗಲೂ ಬೆರಗು. ನೀರು ಜೋರಾಗಿ ಉಜ್ಜಿದಾಗ ಕೋಶದ ಪೊರೆ ಬಾಗುತ್ತದೆ. ಒಳಗೊಂದು ವಿದ್ಯುತ್ ಸಂಕೇತ ಹರಿಯುತ್ತದೆ. ಕೋಶದೊಳಗಿನ ಆಮ್ಲ, ಸಿಂಟಿಲಾನ್ ಎಂಬ ಪುಟಾಣಿ ಚೀಲಗಳಿಗೆ ನುಗ್ಗುತ್ತದೆ. ಅಲ್ಲಿ ಕಟ್ಟಿಹಾಕಿದ್ದ ಲೂಸಿಫೆರಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ, ಲೂಸಿಫರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದೊಂದಿಗೆ ಸೇರಿ ನೀಲಿ ಬೆಳಕು ಕೊಡುತ್ತದೆ. ಮುಟ್ಟಿದ ಕ್ಷಣದಿಂದ ಬೆಳಕು ಬರುವವರೆಗೆ ಸೆಕೆಂಡಿನ ನೂರರಲ್ಲಿ ಎರಡು ಭಾಗ ಸಾಕು. ಮಿಂಚು ಉಳಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗ.

ಇಲ್ಲಿ ಆಮ್ಲದ ಪಾತ್ರ ಎಷ್ಟು ದೊಡ್ಡದು ಅಂತ ತೋರಿಸಲು ಒಂದು ಸುಲಭ ದಾರಿ ಇದೆ. ಹೊಳೆಯುವ ನೀರನ್ನು ಒಂದು ಲೋಟದಲ್ಲಿ ಹಿಡಿದು ಕತ್ತಲೆಯಲ್ಲಿಡಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಆಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಅಲ್ಲಾಡಿಸದೆಯೇ ಇಡೀ ಲೋಟ ಬೆಳಗುತ್ತದೆ. ಕೋಶಗಳು ಸಾಯುತ್ತವೆ ಕೂಡ, ಹಾಗಾಗಿ ಒಂದು ಲೋಟಕ್ಕೆ ನಿಲ್ಲಿಸಿ. ಇದನ್ನು ರಾತ್ರಿಯೇ ಮಾಡಬೇಕು. ಹಲವು ಜಾತಿಗಳು ಒಳಗಿನ ಗಡಿಯಾರಕ್ಕೆ ತಕ್ಕಂತೆ ಹಗಲಲ್ಲಿ ಬೆಳಕಿನ ಸಾಮಗ್ರಿಯನ್ನೇ ಕಡಿಮೆ ಮಾಡಿಕೊಳ್ಳುತ್ತವೆ. "ಬಾಟಲಿಯಲ್ಲಿ ತಂದೆ, ಹೊಳೆಯಲೇ ಇಲ್ಲ" ಅನ್ನುವವರು ಅದನ್ನು ಮಧ್ಯಾಹ್ನ ಅಲ್ಲಾಡಿಸಿರುತ್ತಾರೆ.

ಬಾಟಲಿ ಅಂದಾಗ ಬೆಂಜಮಿನ್ ಫ್ರಾಂಕ್ಲಿನ್ ನೆನಪಾಗುತ್ತಾರೆ. ಉಪ್ಪು ಮತ್ತು ನೀರಿನ ತಿಕ್ಕಾಟದಿಂದ ವಿದ್ಯುತ್ ಹುಟ್ಟಿ ಕಡಲು ಹೊಳೆಯುತ್ತದೆ ಅಂತ ಅವರು ಮೊದಲು ನಂಬಿದ್ದರು. ಬಾಟಲಿಗೆ ತುಂಬಿಸಿದ ಕಡಲ ನೀರು ಕೆಲವೇ ಗಂಟೆಗಳಲ್ಲಿ ಹೊಳಪು ಕಳೆದುಕೊಂಡಿತು. ಉಪ್ಪು ಅಲ್ಲೇ ಇತ್ತಲ್ವಾ? ಆಗ ಆ ಊಹೆಯ ಮೇಲೆ ಅವರಿಗೇ ಅನುಮಾನ ಹುಟ್ಟಿತು. ನೀರನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿದರೂ ಇದೇ ಕಥೆ: ಬೆಳಕು ಜರಡಿಯಲ್ಲಿ ಉಳಿಯುತ್ತದೆ, ಕೆಳಗಿಳಿದ ನೀರು ಕತ್ತಲೆ. "ನೀರಲ್ಲಿ ರಂಜಕ ಇದೆ" ಎಂಬ ಮಾತಿಗೂ ಇದೇ ಉತ್ತರ. ಕಡಲಲ್ಲಿ ರಂಜಕ ಇರುವುದು ಫಾಸ್ಫೇಟ್ ರೂಪದಲ್ಲಿ. ಅದು ಹೊಳೆಯುವುದಿಲ್ಲ, ಆದರೆ ಹೊಳೆಯುವವರ ಸಂಖ್ಯೆ ಹೆಚ್ಚಲು ಗೊಬ್ಬರವಾಗುತ್ತದೆ.

ಇಷ್ಟು ಕಷ್ಟಪಟ್ಟು ಯಾಕೆ ಮಿಂಚಬೇಕು? ಒಪ್ಪಬಹುದಾದ ವಿವರಣೆ ಒಂದಿದೆ. ತನ್ನನ್ನು ತಿನ್ನಲು ಬಂದ ಕೋಪೆಪಾಡ್ (ಸೀಗಡಿಯ ದೂರದ ಬಂಧುವಾದ ಪುಟಾಣಿ ಜೀವಿ) ಎಲ್ಲಿದೆ ಅಂತ ಈ ಕೋಶ ಬೆಳಕು ಹಾಕಿ ತೋರಿಸುತ್ತದೆ. ಅದನ್ನು ನೋಡಿದ ಮೀನು ಬಂದು ಕೋಪೆಪಾಡನ್ನು ನುಂಗುತ್ತದೆ. ಕಳ್ಳ ಬಂದಾಗ ಕಿರುಚುವ ಅಲಾರಂ ಇದ್ದ ಹಾಗೆ.

ಇನ್ನು ನನ್ನ ಪ್ರಶ್ನೆಗೆ ಎರಡನೇ ಉತ್ತರ ಬಂದರೆ, ಅಂದರೆ ಅಲುಗಾಡದ ನೀರೂ ಒಂದೇ ಸಮನೆ ಹೊಳೆಯುತ್ತಿತ್ತು ಅಂದರೆ, ನಾನು ಕುರ್ಚಿಯಿಂದ ಏಳುತ್ತೇನೆ. ಇದು ತೀರಾ ಅಪರೂಪ. ದಡದಿಂದ ದೂರ ಹೋಗುವ ನಾವಿಕರು ನೂರಾರು ವರ್ಷಗಳಿಂದ ವರ್ಣಿಸುತ್ತಾ ಬಂದಿರುವ ಹಾಲುಗಡಲು ಇದೇ. 1995ರ ಜನವರಿ 25ರಂದು ಲಿಮಾ ಎಂಬ ಬ್ರಿಟಿಷ್ ಹಡಗು ಸೊಮಾಲಿಯಾದ ಆಚೆ ಹೋಗುತ್ತಿದ್ದಾಗ ದಿಗಂತದಲ್ಲಿ ಬಿಳಿ ಮಬ್ಬು ಕಂಡಿತು. ಹದಿನೈದು ನಿಮಿಷದಲ್ಲಿ ಸುತ್ತಲೂ ಹಾಲಿನ ಬಣ್ಣದ ಕಡಲು. ಹಡಗು ಅದನ್ನು ದಾಟಲು ಸುಮಾರು ಆರು ಗಂಟೆ ಹಿಡಿಯಿತು. ವಿಜ್ಞಾನಿ ಸ್ಟೀವನ್ ಮಿಲ್ಲರ್ ಮತ್ತು ಸಂಗಡಿಗರು ಆ ರಾತ್ರಿಯ ಉಪಗ್ರಹ ಚಿತ್ರಗಳನ್ನು ಹುಡುಕಿ ತೆಗೆದು 2005ರಲ್ಲಿ ಪ್ರಕಟಿಸಿದರು. ಹೊಳೆಯುವ ಜಾಗ 15,400 ಚದರ ಕಿಲೋಮೀಟರ್ ಇತ್ತು, ಸತತ ಮೂರು ರಾತ್ರಿ ಕಂಡಿತ್ತು.

2019ರಲ್ಲಿ ಜಾವಾದ ದಕ್ಷಿಣಕ್ಕೆ ಕಂಡದ್ದು ಇನ್ನೂ ದೊಡ್ಡದು: ಒಂದು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು, 40ಕ್ಕೂ ಹೆಚ್ಚು ರಾತ್ರಿ. ಗಣೇಶ ಎಂಬ ಹಾಯಿದೋಣಿಯವರು ಅದರ ನಡುವೆಯೇ ಹಾದುಹೋದರು. ಅವರು ಒಂದು ಬಕೆಟ್ ನೀರು ಎತ್ತಿ ನೋಡಿದ್ದು ನನಗೆ ಬಹಳ ಇಷ್ಟವಾದ ಸಂಗತಿ. ಬಕೆಟ್‌ನಲ್ಲಿ ಸ್ಥಿರವಾಗಿ ಹೊಳೆಯುವ ಚುಕ್ಕಿಗಳಿದ್ದವು, ಕಲಕಿದಾಗ ಅವು ಮಂಕಾದವು. ನಾಕ್ಟಿಲೂಕದ ನಡತೆಗೆ ಇದು ಪೂರ್ತಿ ಉಲ್ಟಾ!

ಇಲ್ಲಿ ಹೊಳೆಯುವುದು ಬ್ಯಾಕ್ಟೀರಿಯಾ. 1985ರಲ್ಲಿ ಅರಬ್ಬಿ ಸಮುದ್ರದ ಹಾಲುಗಡಲಿನಿಂದ ತೆಗೆದ ಮಾದರಿಯಲ್ಲಿ, ಪಾಚಿಗೆ ಅಂಟಿಕೊಂಡ ವಿಬ್ರಿಯೋ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತ್ತು. ಒಂಟಿ ಬ್ಯಾಕ್ಟೀರಿಯಾ ಬೆಳಕಿಗೆ ಶಕ್ತಿ ಖರ್ಚು ಮಾಡುವುದಿಲ್ಲ. ಪ್ರತಿಯೊಂದೂ ಒಂದು ರಾಸಾಯನಿಕವನ್ನು ಹೊರಬಿಡುತ್ತದೆ, ಸುತ್ತ ಅದು ಸಾಕಷ್ಟು ಸೇರಿತು ಅಂದರೆ ಗುಂಪು ದೊಡ್ಡದಾಗಿದೆ ಅಂತ ಅರ್ಥ. ಆಗ ಎಲ್ಲವೂ ಒಟ್ಟಿಗೆ ಬೆಳಗುತ್ತವೆ. ಬೆಳಕಿಗೆ ಬಂದ ಮೀನು ನುಂಗಿದರೆ ಇವಕ್ಕೆ ಲಾಭವೇ, ಮೀನಿನ ಹೊಟ್ಟೆಯಲ್ಲಿ ಬದುಕು ಹಾಯಾಗಿರುತ್ತದೆ. ಹಾಲುಗಡಲಿನ ಬೆಳಕೂ ನಿಜಕ್ಕೆ ನೀಲಿಯೇ, ಬಿಳಿ ಅನ್ನಿಸುವುದು ನಮ್ಮ ಕಣ್ಣಿನ ಮಿತಿ.

ಇವೆರಡಕ್ಕೂ ಸೇರದವು ಕೆಲವು ಉಂಟು. ಬರ್ಮುಡಾದಲ್ಲಿ ಹುಣ್ಣಿಮೆ ಕಳೆದ ಎರಡು ಮೂರು ದಿನಕ್ಕೆ, ಸೂರ್ಯ ಮುಳುಗಿ ಸುಮಾರು ಒಂದು ಗಂಟೆಗೆ, ಹೆಣ್ಣು ಹುಳುಗಳು ಹಸಿರು ಬೆಳಕು ಚೆಲ್ಲುತ್ತಾ ನೀರಿನ ಮೇಲೆ ಸುತ್ತುತ್ತವೆ. ಗಂಡುಗಳನ್ನು ಕರೆಯುವ ಬಗೆ ಅದು. ಜಪಾನಿನ ತೊಯಾಮಾ ಕೊಲ್ಲಿಯಲ್ಲಿ ವಸಂತಕಾಲದಲ್ಲಿ ಹೊಳೆಯುವುದು ಪುಟ್ಟ ಸ್ಕ್ವಿಡ್. ಇನ್ನು ಕೆಲವು ಸಲ ಜನ ನೋಡಿರುವುದು ಮೀನು ಹಿಡಿಯುವ ದೋಣಿಗಳ ಹಸಿರು ದೀಪವನ್ನು, ಅಷ್ಟೇ.

"ನೀರಿಗೆ ಇಳಿಯಬಹುದಾ?" ಅಂತಲೂ ಕೇಳುತ್ತಾರೆ. ಬೆಳಕಿನಿಂದ ಏನೂ ಆಗುವುದಿಲ್ಲ. ಆದರೆ ಮಾರನೇ ದಿನ ಹಗಲಲ್ಲಿ ಅದೇ ನೀರು ನೋಡಿ. ಕೆಂಪೋ ಕಂದೋ ಹಸಿರೋ ಆಗಿ ಮಂದವಾಗಿದ್ದರೆ, ಸತ್ತ ಮೀನು ತೇಲುತ್ತಿದ್ದರೆ, ಇಳಿಯಬೇಡಿ. ನಾಕ್ಟಿಲೂಕ ವಿಷ ಮಾಡುವುದಿಲ್ಲ, ಆದರೆ ಒಳಗೆ ಅಮೋನಿಯಾ ತುಂಬಿಕೊಂಡಿರುತ್ತದೆ. ಅದು ಸತ್ತು ಕೊಳೆತಾಗ ನೀರಿನ ಆಮ್ಲಜನಕವೂ ಇಳಿಯುತ್ತದೆ. ಅದೇ ರೀತಿ ಮಿಂಚುವ ಪೈರೋಡಿನಿಯಂ ಎಂಬ ಇನ್ನೊಂದು ಡೈನೋಫ್ಲಾಜೆಲೇಟ್ ಮಾತ್ರ ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷವನ್ನು ಮಾಡಬಲ್ಲದು. ಫಿಲಿಪ್ಪೀನ್ಸ್‌ನಲ್ಲಿ ಆ ವಿಷ ಸೇರಿದ ಚಿಪ್ಪುಮೀನು ತಿಂದು ಜನ ಸತ್ತಿದ್ದಾರೆ. ಬರಿಗಣ್ಣಿಗೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ, ಮೈಕ್ರೋಸ್ಕೋಪ್ ಬೇಕೇ ಬೇಕು. ಹಾಗಾಗಿ ಹೊಳೆಯುವ ನೀರಿನಿಂದ ತೆಗೆದ ಚಿಪ್ಪುಮೀನನ್ನು ಪರೀಕ್ಷೆಯಾಗುವವರೆಗೆ ತಿನ್ನಬೇಡಿ. ಎಷ್ಟೇ ಬೇಯಿಸಿದರೂ ಆ ವಿಷ ಹೋಗುವುದಿಲ್ಲ.