ಮಸೂದೆ ಯಾವ ಸದನದಲ್ಲಿ ಹುಟ್ಟಿತು?

‘ಲೋಕಸಭೆಯಲ್ಲಿ ಪಾಸಾಯಿತಂತೆ, ಇನ್ನು ಕಾನೂನಾದ ಹಾಗೆಯೇ ಅಲ್ಲವೇ?’ ಎಂದು ಕೇಳಿಕೊಂಡು ಬರುವ ಕಕ್ಷಿದಾರರಿಗೆ ವಕೀಲನಾಗಿ ನಾನು ಕೂಡಲೇ ಹೌದೆನ್ನುವುದಿಲ್ಲ. ಮಸೂದೆಯ ಪ್ರತಿ ಕೈಗೆ ಬಂದಾಗ, ಒಳಗಿನ ಖಂಡಗಳಿಗೆ ಹೋಗುವ ಮೊದಲು, ಅದು ಯಾವ ಸದನದಲ್ಲಿ ಮಂಡನೆಯಾಯಿತು ಮತ್ತು ಯಾವ ಬಗೆಯದು ಎಂಬುದನ್ನು ನೋಡುತ್ತೇನೆ.

ಸಾಮಾನ್ಯ ಮಸೂದೆಯು ಎರಡೂ ಸದನಗಳಲ್ಲಿ ಮೂರು ವಾಚನಗಳನ್ನು, ಅಂದರೆ ಮಂಡನೆ, ಚರ್ಚೆ, ಅಂಗೀಕಾರ ಎಂಬ ಹಂತಗಳನ್ನು, ದಾಟಬೇಕು. ಎರಡೂ ಕಡೆ ಅಂಗೀಕಾರವಾದ ಪಠ್ಯ ಅಕ್ಷರಶಃ ಒಂದೇ ಆಗಿರಬೇಕು. ಈ ನಿಯಮ ಎಷ್ಟು ಬಿಗಿಯೆಂಬುದು ಮಸೂದೆಯ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ‘ಭಾರತ ಗಣರಾಜ್ಯದ ಎಪ್ಪತ್ತನಾಲ್ಕನೆಯ ವರ್ಷದಲ್ಲಿ’ ಎಂದು ಆರಂಭವಾಗಿ ‘ಅಧಿನಿಯಮಿತವಾಗತಕ್ಕದ್ದು’ ಎಂದು ಮುಗಿಯುವ ಆ ವಾಕ್ಯ 2023ರಲ್ಲಿ ಸರಿಯಾಗಿತ್ತು. ಒಂದು ಸದನ ಅಂಗೀಕರಿಸಿದ ಮಸೂದೆ ಇನ್ನೊಂದು ಸದನದ ಸರದಿ ಬರುವಷ್ಟರಲ್ಲಿ ಜನವರಿ 26 ದಾಟಿದರೆ, ‘ನಾಲ್ಕನೆಯ’ ಎಂಬುದನ್ನು ‘ಐದನೆಯ’ ಎಂದು ತಿದ್ದಲು ವಿಧಿವತ್ತಾಗಿ ತಿದ್ದುಪಡಿ ಮಂಡಿಸಬೇಕಾಗುತ್ತದೆ, ಮತ್ತು ಆ ಒಂದು ಪದಕ್ಕೆ ಒಪ್ಪಿಗೆ ಪಡೆಯಲು ಮಸೂದೆ ಮೊದಲ ಸದನಕ್ಕೆ ಹಿಂತಿರುಗುತ್ತದೆ.

ಹುಟ್ಟಿದ ಸದನ ಯಾವುದೆಂಬುದರ ಮೇಲೆ ಮಸೂದೆಯ ಆಯುಷ್ಯವೂ ನಿಂತಿದೆ. ಲೋಕಸಭೆ ವಿಸರ್ಜನೆಯಾದರೆ ಅದರ ಮುಂದಿದ್ದ ಮಸೂದೆಗಳೂ, ಅದು ಅಂಗೀಕರಿಸಿ ರಾಜ್ಯಸಭೆಗೆ ಕಳುಹಿಸಿದ್ದ ಮಸೂದೆಗಳೂ ಸಾಮಾನ್ಯವಾಗಿ ವ್ಯಪಗತವಾಗುತ್ತವೆ, ಅಂದರೆ ತಾವಾಗಿಯೇ ಬಿದ್ದುಹೋಗುತ್ತವೆ. ರಾಜ್ಯಸಭೆಗೆ ವಿಸರ್ಜನೆಯೇ ಇಲ್ಲ, ಎರಡು ವರ್ಷಕ್ಕೊಮ್ಮೆ ಸುಮಾರು ಮೂರನೇ ಒಂದು ಭಾಗದ ಸದಸ್ಯರು ನಿವೃತ್ತರಾಗುತ್ತಾರೆ ಅಷ್ಟೆ. ಹಾಗಾಗಿ ಅಲ್ಲೇ ಮಂಡನೆಯಾಗಿ ಇನ್ನೂ ಲೋಕಸಭೆಗೆ ಹೋಗದ ಮಸೂದೆ ಉಳಿದುಕೊಳ್ಳುತ್ತದೆ. ಮಹಿಳಾ ಮೀಸಲಾತಿ ಮಸೂದೆಯನ್ನು 2008ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ್ದರಿಂದಲೇ ಅದು 2009ರ ಚುನಾವಣೆಯನ್ನು ದಾಟಿ ಬದುಕಿತು. 2010ರ ಮಾರ್ಚ್‌ನಲ್ಲಿ ರಾಜ್ಯಸಭೆ ಅದನ್ನು ಅಂಗೀಕರಿಸಿತು. ಲೋಕಸಭೆಯ ಅಂಗಳಕ್ಕೆ ಬಂದ ಮೇಲೆ ಆ ರಕ್ಷಣೆ ತಪ್ಪಿ, 2014ರಲ್ಲಿ ಬಿದ್ದುಹೋಯಿತು. 2023ರಲ್ಲಿ ಬಂದದ್ದು ಹೊಸ ಮಸೂದೆ.

ಧನ ವಿಧೇಯಕದ, ಅಂದರೆ ತೆರಿಗೆ, ಸರ್ಕಾರಿ ಖರ್ಚಿನಂಥ ಹಣದ ವಿಷಯಗಳಿಗಷ್ಟೇ ಸೀಮಿತವಾದ ಮಸೂದೆಯ, ಮಾತೇ ಬೇರೆ. ಅದು ಲೋಕಸಭೆಯಲ್ಲಿ ಮಾತ್ರ ಮಂಡನೆಯಾಗುತ್ತದೆ, ರಾಜ್ಯಸಭೆಗೆ ಸಿಗುವುದು 14 ದಿನ, ಅದರ ಶಿಫಾರಸುಗಳನ್ನು ಒಪ್ಪುವುದೂ ಬಿಡುವುದೂ ಲೋಕಸಭೆಯ ಇಷ್ಟ. ಧನ ವಿಧೇಯಕವಾಗಿ ಬಂದ ಆಧಾರ್ ಮಸೂದೆಗೆ 2016ರ ಮಾರ್ಚ್ 16ರಂದು ರಾಜ್ಯಸಭೆ ಐದು ತಿದ್ದುಪಡಿಗಳನ್ನು ಸೂಚಿಸಿತು. ಅದೇ ದಿನ ಲೋಕಸಭೆ ಐದನ್ನೂ ತಳ್ಳಿಹಾಕಿತು. ಅದನ್ನು ಧನ ವಿಧೇಯಕವೆಂದು ಕರೆದದ್ದು 2018ರಲ್ಲಿ ಸುಪ್ರೀಂ ಕೋರ್ಟ್‌ನ ಬಹುಮತದ ತೀರ್ಪಿನಲ್ಲಿ ಊರ್ಜಿತವಾಯಿತಾದರೂ, ‘ಇದು ಧನ ವಿಧೇಯಕ’ ಎನ್ನುವ, ಸ್ಪೀಕರ್ ಸಹಿಯ ಒಂದು ಪ್ರಮಾಣಪತ್ರಕ್ಕೆ ಇಡೀ ಸದನವೊಂದನ್ನು ಬರೀ ಸಲಹೆಗಾರನ ಸ್ಥಾನಕ್ಕಿಳಿಸುವ ಬಲವಿದೆಯೆಂಬುದು ನನಗಂತೂ ಇನ್ನೂ ಜೀರ್ಣವಾಗಿಲ್ಲ.

ಸಾಮಾನ್ಯ ಮಸೂದೆಯ ಮೇಲೆ ಸದನಗಳ ಜಗಳ ಬಗೆಹರಿಯದಿದ್ದರೆ ಸಂವಿಧಾನದ 108ನೇ ವಿಧಿಯ ಜಂಟಿ ಅಧಿವೇಶನವಿದೆ. ಮಸೂದೆಯ ಸಲುವಾಗಿ ಅದು ಸೇರಿದ್ದು ಮೂರೇ ಬಾರಿ: 1961ರಲ್ಲಿ ವರದಕ್ಷಿಣೆ ನಿಷೇಧಕ್ಕೆ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿಗೆ, 2002ರಲ್ಲಿ ಭಯೋತ್ಪಾದನೆ ತಡೆ ಕಾಯ್ದೆಯಾದ ‘ಪೋಟಾ’ಗೆ. ಲೋಕಸಭೆಯ 543 ಸ್ಥಾನಗಳೆದುರು ರಾಜ್ಯಸಭೆಯವು 245. ಒಟ್ಟಿಗೆ ಕೂತು ಮತ ಎಣಿಸಿದರೆ ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳಬೇಕಿಲ್ಲ. ರಾಜ್ಯಸಭೆ ತಿರಸ್ಕರಿಸಿದ್ದ ‘ಪೋಟಾ’ಗೆ ಅಲ್ಲಿ ಪರವಾಗಿ 425, ವಿರುದ್ಧವಾಗಿ 296 ಮತಗಳು ಬಿದ್ದವು. ಸಂವಿಧಾನ ತಿದ್ದುಪಡಿಗೆ ಮಾತ್ರ ಈ ಒಳದಾರಿಯಿಲ್ಲ. ಪ್ರತಿ ಸದನವೂ ಪ್ರತ್ಯೇಕವಾಗಿ ವಿಶೇಷ ಬಹುಮತದಿಂದ (ಒಟ್ಟು ಸದಸ್ಯರ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ) ಒಪ್ಪಲೇಬೇಕು. ರಾಜ್ಯಸಭೆಯ ನಿಜವಾದ ಹಿಡಿತವಿರುವುದು ಅಲ್ಲಿ.

ರಾಷ್ಟ್ರಪತಿಗಳ ಅಂಕಿತ ಬಿದ್ದು ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೂ ನಾನು ಕಾಯ್ದೆಯ ಮೊದಲನೆಯ ಪ್ರಕರಣಕ್ಕೆ (ಸೆಕ್ಷನ್‌ಗೆ) ಹಿಂತಿರುಗುತ್ತೇನೆ. ‘ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು ಜಾರಿಗೆ ಬರತಕ್ಕದ್ದು’ ಎಂಬ ಸಾಲು ಅಲ್ಲಿದ್ದರೆ, ಆ ಅಧಿಸೂಚನೆ ಹೊರಡುವವರೆಗೆ ಕಕ್ಷಿದಾರರಿಗೆ ಹಳೆಯ ಕಾನೂನಿನಂತೆಯೇ ಅಭಿಪ್ರಾಯ ಬರೆದುಕೊಡುತ್ತೇನೆ.