ಕೊಳೆ ರೋಗವನ್ನು ಕೊಲೆ ಎಂದುಕೊಂಡ ಕಂಪ್ಯೂಟರ್

ಜುಲೈ ತಿಂಗಳು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಪಕ್ಕದ ಮನೆಯ ಗೌಡ್ರು ಕೊಡೆ ಮಡಚಿಟ್ಟು ಜಗುಲಿಗೆ ಬಂದವರೇ ಮೊಬೈಲ್ ಮುಂದೆ ಹಿಡಿದರು. ಕೊಪ್ಪದ ಹತ್ತಿರ ಅವರ ಅಡಿಕೆ ತೋಟ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಎರಡನೇ ಸುತ್ತು ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡುತ್ತಿಲ್ಲ ಎಂಬ ಚಿಂತೆ ಬೇರೆ.

“ನಿಮ್ಮ ಸೈಟಲ್ಲಿ ಕೊಳೆ ರೋಗ ಹುಡುಕೋಣ ಅಂದ್ರೆ ಕೆಳಗೆ ಏನೂ ಬರಲ್ವಲ್ಲ ಮಾರಾಯಾ. ಗೂಗಲ್ಲಲ್ಲಿ ನಾಲ್ಕಕ್ಷರ ಒತ್ತಿದ್ರೆ ಉಳಿದಿದ್ದು ಅದೇ ಹೇಳುತ್ತೆ.”

ಕನ್ನಡ ಕೀಬೋರ್ಡ್ ಅವರಿಗೆ ಒಗ್ಗಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕೆ, ಓ, ಎಲ್, ಇ ಎಂದು ಒತ್ತಿ ತೋರಿಸಿದರು. ಪೆಟ್ಟಿಗೆಯ ಕೆಳಗೆ ಖಾಲಿ. ತಪ್ಪು ನನ್ನದೇ ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಚಿಕ್ಕಮಗಳೂರಿನ ಮನೆಯಲ್ಲಿ ಕೂತು ನಾನು ಒಂದು ಕನ್ನಡ ಸುದ್ದಿ ಜಾಲತಾಣದ ಹುಡುಕಾಟದ ಭಾಗ ನೋಡಿಕೊಳ್ಳುತ್ತೇನೆ. ಬರೆಯುತ್ತಿದ್ದ ಹಾಗೇ ಹುಡುಕುವ ಪೆಟ್ಟಿಗೆಯ ಕೆಳಗೆ ಮೂಡುವ ಸಲಹೆಗಳನ್ನು ಸೋಸುವ ಜರಡಿ ಕಟ್ಟಿದವನು ನಾನೇ.

ಹುಡುಕುವ ಪೆಟ್ಟಿಗೆ ನಮ್ಮ ಮನಸ್ಸು ಓದುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಅದು ಮಾಡುವುದು ಎಣಿಕೆ, ಅಷ್ಟೇ. ಹಿಂದೆ ಯಾರ್ಯಾರು ಏನೇನು ಹುಡುಕಿದರು ಎಂಬ ಪಟ್ಟಿ ಅದರ ಹತ್ತಿರ ಇರುತ್ತದೆ. ನೀವು ‘ಕಾ’ ಎಂದು ಬರೆದರೆ, ‘ಕಾ’ದಿಂದ ಶುರುವಾಗುವ ಹುಡುಕಾಟಗಳಲ್ಲಿ ಜಾಸ್ತಿ ಜನ ಕೇಳಿದ್ದು ಮೇಲೆ ಬರುತ್ತದೆ: ಕಾಫಿ ರೇಟು, ಕಾಳುಮೆಣಸಿನ ಬೆಲೆ. ಇದನ್ನು ಮರದ ಕೊಂಬೆಗಳ ಹಾಗೆ ಜೋಡಿಸಿಡುತ್ತೇವೆ. ಬುಡದಲ್ಲಿ ‘ಕಾ’, ಅಲ್ಲಿಂದ ‘ಕಾಫಿ’ಗೆ ಒಂದು ಕವಲು, ‘ಕಾಳು’ ಇನ್ನೊಂದು. ಪ್ರತಿ ಕವಲಿನಲ್ಲೂ ಮೇಲಿನ ಹತ್ತು ಸಲಹೆ ಮೊದಲೇ ಬರೆದಿಟ್ಟಿರುತ್ತದೆ. ಯಾಕೆಂದರೆ ಅಲ್ಲೇ ಕೂತು ಲೆಕ್ಕ ಹಾಕಲು ಪುರುಸೊತ್ತಿಲ್ಲ. ಸೆಕೆಂಡಿನ ಹತ್ತನೇ ಒಂದು ಪಾಲು ದಾಟಿದರೆ ಬೆರಳು ಮುಂದಿನ ಅಕ್ಷರಕ್ಕೆ ಹೋಗಿಬಿಟ್ಟಿರುತ್ತದೆ.

ಗೂಗಲ್‌ನಲ್ಲಿ ಇದು 2004ರ ಡಿಸೆಂಬರ್‌ನಲ್ಲಿ ಪ್ರಯೋಗವಾಗಿ ಬಂತು. ಕೆವಿನ್ ಗಿಬ್ಸ್ ಎಂಬ ಎಂಜಿನಿಯರ್ ಶುರು ಮಾಡಿದ್ದು. ಮುಖಪುಟದಲ್ಲಿ ಎಲ್ಲರಿಗೂ ಸಿಕ್ಕಿದ್ದು 2008ರಲ್ಲಿ. ಟೈಪ್ ಮಾಡುವ ಕೆಲಸ ಸುಮಾರು ಶೇ 25ರಷ್ಟು ಕಡಿಮೆಯಾಗುತ್ತದೆ ಎಂದು ಕಂಪನಿ ಹೇಳಿಕೊಂಡಿದೆ. ಒಂದೇ ಬೆರಳಿನಲ್ಲಿ ಒತ್ತುವ ಗೌಡ್ರಿಗೆ ಇದರ ಬೆಲೆ ನಮಗಿಂತ ಚೆನ್ನಾಗಿ ಗೊತ್ತು.

ಆದರೆ ಸುಮ್ನೆ ಎಣಿಸಿದರೆ ಕೆಲಸ ಕೆಡುತ್ತದೆ. ಹಾಸನಾಂಬ ದೇವಸ್ಥಾನದ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ. ಆಗ ‘ಹಾಸ’ ಎಂದು ಬರೆದವರಿಗೆ ಬೇಕಾದ್ದು ದರ್ಶನದ ಸಮಯ. ತಿಂಗಳ ಹಿಂದೆ ಅದೇ ಎರಡಕ್ಷರ ಬರೆದವರಿಗೆ ಹಾಸನದ ರೈಲು ಬೇಕಿತ್ತು. ಅದಕ್ಕೇ ಹಳೆಯ ಹುಡುಕಾಟದ ತೂಕವನ್ನು ದಿನದಿನಕ್ಕೂ ಇಳಿಸುತ್ತಾ ಬರುತ್ತೇವೆ, ಈ ವಾರದ್ದಕ್ಕೆ ಜಾಸ್ತಿ ತೂಕ.

ಶುರುವಿನಲ್ಲಿ ನಾವು ಎಷ್ಟು ಸಲ ಹುಡುಕಿದರು ಎಂದು ಎಣಿಸುತ್ತಿದ್ದೆವು, ಎಷ್ಟು ಜನ ಎಂದಲ್ಲ. ಯಾರೋ ಪುಣ್ಯಾತ್ಮರು ತಮ್ಮ ಹೋಂಸ್ಟೇ ಹೆಸರನ್ನು ದಿನವಿಡೀ ಹುಡುಕಿ ಹುಡುಕಿ, ‘ಚಿಕ್ಕ’ ಎಂದರೆ ಮೊದಲು ಅದೇ ಬರುವ ಹಾಗೆ ಮಾಡಿಟ್ಟಿದ್ದರು. ಬುದ್ಧಿಗೆ ಮೆಚ್ಚಬೇಕು! ಈಗ ಒಬ್ಬರದು ಒಂದೇ ಲೆಕ್ಕ. ಸಾಕಷ್ಟು ಬೇರೆ ಬೇರೆ ಜನ ಹುಡುಕದ ಹೊರತು ಯಾವುದೂ ಸಲಹೆಯಾಗಿ ಹೊರಗೆ ಬರುವುದಿಲ್ಲ. ಇದರಿಂದ ಇನ್ನೊಂದು ಉಪಕಾರವೂ ಆಯಿತು. ಜನ ಆ ಪೆಟ್ಟಿಗೆಯಲ್ಲಿ ಫೋನ್ ನಂಬರು, ಬ್ಯಾಂಕ್ ಅಕೌಂಟ್ ನಂಬರು, ಅತ್ತೆ ಮೇಲಿನ ದೂರು, ಎಲ್ಲವನ್ನೂ ಬರೆಯುತ್ತಾರೆ. ಅದು ಊರಿಗೆಲ್ಲ ಕಾಣಬಾರದು ಅಲ್ವಾ?

ಕನ್ನಡದ ಪಾಡು ಬೇರೆಯೇ. ‘ಕೊಳೆ’ಯ ‘ಕೊ’ ನೋಡಿ. ಕಂಪ್ಯೂಟರ್‌ಗಾಗಿ ಪ್ರತಿ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊತ್ವದ ಚಿಹ್ನೆಗಳನ್ನು ಅಕ್ಕಪಕ್ಕ ಇಟ್ಟು ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಮೊದಲು ಇವನ್ನು ಒಂದು ಮಾಡದಿದ್ದರೆ ಒಂದೇ ಪದದ ಲೆಕ್ಕ ಎರಡು ಕಡೆ ಹರಿದು ಹೋಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರದ್ದು ಮತ್ತೊಂದು ಗೋಳು. ನಮ್ಮೂರಿನ ಇಂಗ್ಲಿಷ್ ಸ್ಪೆಲಿಂಗ್ 2014ರ ನವೆಂಬರ್ 1ರಂದು ಬದಲಾಯಿತು. ಜನರ ಬೆರಳು ಇನ್ನೂ ಬದಲಾಗಿಲ್ಲ.

ಇಷ್ಟಾದ ಮೇಲೆ ಸೋಸುವ ಕೆಲಸ. ನನ್ನ ಅರ್ಧ ತಲೆನೋವು ಇಲ್ಲೇ. ಕಾಫಿ ಕ್ಯೂರಿಂಗ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಮೊದಲು ಯಂತ್ರದ ಜರಡಿ ಗಾತ್ರ ನೋಡಿ ಬೀಜ ಬೇರೆ ಮಾಡುತ್ತದೆ, ಆಮೇಲೆ ಕಪ್ಪು ಬೀಜ ಆರಿಸಬೇಕು. ದೊಡ್ಡ ಕಂಪನಿಗಳಲ್ಲಿ ಮಾತಿನ ಧಾಟಿ ಗುರುತಿಸಲು ಕಲಿಸಿದ ಪ್ರೋಗ್ರಾಮುಗಳಿವೆ, ಬಂದ ದೂರು ನೋಡುವ ಜನರಿದ್ದಾರೆ. ನಮ್ಮಲ್ಲಿರುವುದು ಒಂದು ಪದಪಟ್ಟಿ, ಮತ್ತೆ ನಾನು.

ಆ ಪಟ್ಟಿಯಲ್ಲಿ ‘ಕೊಲೆ’ ಇತ್ತು. ಕಾರಣ ಇದೆ. ಯಾರದೋ ಹೆಸರಿನ ಪಕ್ಕ ‘ಕೊಲೆ’ ಎಂದು ಬಂದರೆ, ಆ ಮನುಷ್ಯ ಕೊಂದವನೋ ಸತ್ತವನೋ ಎಂದು ಯಾರು ಕೇಳುತ್ತಾರೆ? ಆದರೆ ಕನ್ನಡದಲ್ಲಿ ಪದ ಒಂಟಿಯಾಗಿ ನಿಲ್ಲುವುದಿಲ್ಲ. ಕೊಲೆಗೆ, ಕೊಲೆಯ, ಕೊಲೆಗಾರ. ಹಾಗಾಗಿ ‘ಕೊಲೆ’ಯಿಂದ ಶುರುವಾಗುವುದೆಲ್ಲ ಬಂದ್ ಎಂದು ಬರೆದೆ. ವಾರ ಕಳೆಯುವಷ್ಟರಲ್ಲಿ ಆರೋಗ್ಯ ವಿಭಾಗದಿಂದ ಫೋನು: ‘ಕೊಲೆಸ್ಟ್ರಾಲ್’ ಎಲ್ಲಿ ಹೋಯ್ತು? ‘ವಿಷ’ ತಡೆದೆ, ‘ವಿಷಯ’ವೂ ಹೋಯಿತು, ‘ವಿಷ್ಣು’ವೂ ಹೋದ. ಕಂಪ್ಯೂಟರ್ ಪಾಲಿಗೆ ವಿಷ್ಣು ಎಂದರೆ ವಿಷಕ್ಕೆ ಅಂಟಿದ ಒಂದು ಒತ್ತಕ್ಷರ. ದೇವರು ಕ್ಷಮಿಸಲಿ.

ಇವಕ್ಕೆಲ್ಲ ವಿನಾಯಿತಿ ಪಟ್ಟಿ ಮಾಡಿ ನಿಟ್ಟುಸಿರು ಬಿಟ್ಟಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಲ, ಳ ಎರಡಕ್ಕೂ ಒಂದೇ ಎಲ್ ಎಂಬುದು ಮಾತ್ರ ಹೊಳೆದಿರಲಿಲ್ಲ. ಕೊಳೆ ಹೋಗಿ ಕೊಲೆಯಾಗಿತ್ತು. ಒಂದು ಮಾತು: ಸಲಹೆ ತಡೆದರೆ ಹುಡುಕಾಟ ತಡೆದಂತಲ್ಲ. ಗೌಡ್ರು ಪೂರ್ತಿ ಬರೆದು ಒತ್ತಿದ್ದರೆ ಲೇಖನಗಳು ಸಿಗುತ್ತಿದ್ದವು.

ಜರಡಿ ಹಿಡಿಯದ ಕಸವೂ ಇದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪಿ.ವಿ. ಸಿಂಧು ಬೆಳ್ಳಿ ಗೆದ್ದ ಹೊತ್ತಿನಲ್ಲಿ ಗೂಗಲ್‌ನಲ್ಲಿ ಅವರ ಜಾತಿ ಹುಡುಕುವವರ ಸಂಖ್ಯೆ ಏರಿದ್ದು ದೊಡ್ಡ ಸುದ್ದಿಯಾಯಿತು. ‘ಜಾತಿ’ ಬೈಗುಳವಲ್ಲ, ಪದಪಟ್ಟಿಗೆ ಸಿಕ್ಕುವುದಿಲ್ಲ. ಅದು ಸಲಹೆಯಾಗಿ ಕಂಡರೆ ಸುಮ್ನೆ ಕುತೂಹಲಕ್ಕೆ ಒತ್ತುವವರು ಹುಟ್ಟುತ್ತಾರೆ, ಎಣಿಕೆ ಇನ್ನೂ ಏರುತ್ತದೆ. ಅದಕ್ಕೇ ಸಲಹೆ ನೋಡಿ ಒತ್ತಿದ್ದಕ್ಕೆ ನಾವು ತೂಕ ಕಡಿಮೆ ಕೊಡುತ್ತೇವೆ. ವ್ಯಕ್ತಿಗಳ ಹೆಸರಿನ ಜೊತೆ ಜಾತಿ ಬಂದರೆ ನಾನಂತೂ ತೆಗೆದುಹಾಕುತ್ತೇನೆ. ಜನ ಕೇಳಿದ್ದನ್ನೇ ತೋರಿಸಿದೆವು ಎಂಬ ವಾದ ಎಲ್ಲ ಕಡೆ ನಡೆಯುವುದೂ ಇಲ್ಲ. ಮಾನಹಾನಿಯ ಸಲಹೆಯನ್ನು ದೂರು ಕೊಟ್ಟ ಮೇಲೂ ತೆಗೆಯದಿದ್ದರೆ ಗೂಗಲ್ ಹೊಣೆ ಎಂದು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ 2013ರ ಮೇ ತಿಂಗಳಲ್ಲೇ ಹೇಳಿದೆ.

ಕೊಳೆ ರೋಗದ ರಿಪೇರಿಗೆ ಎರಡು ದಿನ ಹಿಡಿಯಿತು. ಮೊದಲು ನಾನು ಬಳಕೆದಾರ ಬರೆದ ತುಂಡನ್ನೇ ಪರೀಕ್ಷೆ ಮಾಡಿ ಬಾಗಿಲು ಹಾಕುತ್ತಿದ್ದೆ. ಈಗ ತುಂಡನ್ನು ಬಿಟ್ಟು, ತೋರಿಸಲು ಹೊರಟ ಸಲಹೆಯನ್ನು ಇಡಿಯಾಗಿ ನೋಡುತ್ತೇನೆ. ಪಕ್ಕದಲ್ಲಿ ರೋಗ, ಅಡಿಕೆ, ಬೋರ್ಡೋ ಇದ್ದರೆ ಅದು ಕೊಳೆ, ದಾರಿ ಬಿಡು.

ಸಂಜೆ ಗೌಡ್ರನ್ನು ಕರೆದು ತೋರಿಸಿದೆ. ನಾಲ್ಕಕ್ಷರ ಒತ್ತಿದರು. ಕೊಳೆ ರೋಗ ಬಂತು, ಆದರೆ ಮೂರನೇ ಸಾಲಿನಲ್ಲಿ.

“ಮೇಲೆ ಬರ್ಬೇಕಿತ್ತು ಅಲ್ವಾ?”

“ಇನ್ನಷ್ಟು ಜನ ಹುಡುಕಿದ್ರೆ ಬರುತ್ತೆ ಗೌಡ್ರೇ. ನೀವೊಬ್ರೇ ನೂರು ಸಲ ಒತ್ತಿದ್ರೆ ಆಗಲ್ಲ, ಒಬ್ರದು ಒಂದೇ ಲೆಕ್ಕ.”

ಅವರು ಕೊಡೆ ಬಿಚ್ಚುತ್ತಾ ಕೇಳಿದರು: “ನಮ್ಮನೇಲಿ ಆರು ಫೋನಿದೆ. ಆರು ಲೆಕ್ಕ ತಾನೇ?”