ಕಣ್ಣಿನ ಒತ್ತಡ 15ಕ್ಕೆ ಇಳಿದಿದೆ, ಗ್ಲಾಕೋಮಾ ಹನಿಯನ್ನು ನಿಲ್ಲಿಸಬಹುದೇ?

ಪ್ರಶ್ನೆ: ನನಗೆ 58 ವರ್ಷ. ಕನ್ನಡಕದ ನಂಬರು ಬದಲಿಸಲು ಹೋದಾಗ ಗ್ಲಾಕೋಮಾ ಇದೆಯೆಂದು ತಿಳಿಯಿತು. ಎರಡು ವರ್ಷಗಳಿಂದ ಪ್ರತಿ ರಾತ್ರಿ ಹನಿ ಹಾಕಿಕೊಳ್ಳುತ್ತಿದ್ದೇನೆ. ಆಗ 26 ಇದ್ದ ಕಣ್ಣಿನ ಒತ್ತಡ ಈಗ 15ಕ್ಕೆ ಇಳಿದಿದೆ. ನೋವಿಲ್ಲ, ದಿನಪತ್ರಿಕೆಯನ್ನು ಸಲೀಸಾಗಿ ಓದುತ್ತೇನೆ. ಇನ್ನು ಹನಿ ನಿಲ್ಲಿಸಬಹುದಲ್ಲವೇ?

ಉತ್ತರ: ನೀವಾಗಿಯೇ ನಿಲ್ಲಿಸಬಾರದು. ಒತ್ತಡ 15ಕ್ಕೆ ಇಳಿದಿರುವುದು ಹನಿಯಿಂದಲೇ. ಹನಿ ನಿಂತರೆ ಕೆಲವೇ ವಾರಗಳಲ್ಲಿ ಅದು ಮತ್ತೆ ಏರುವ ಸಾಧ್ಯತೆಯೇ ಹೆಚ್ಚು, ಏರಿದ್ದು ನಿಮ್ಮ ಅರಿವಿಗೂ ಬರುವುದಿಲ್ಲ.

ಕಣ್ಣಿನೊಳಗೆ ತಿಳಿಯಾದ ದ್ರವವೊಂದು ನಿಮಿಷಕ್ಕೆ ಎರಡು ಮೂರು ಮೈಕ್ರೋಲೀಟರಿನಷ್ಟು ಸದಾ ಒಸರುತ್ತಿರುತ್ತದೆ ಮತ್ತು ಕಪ್ಪುಗುಡ್ಡೆಯ ಅಂಚಿನ ಜರಡಿಯಂಥ ಭಾಗದ ಮೂಲಕ ಹೊರಹೋಗಿ ರಕ್ತವನ್ನು ಸೇರುತ್ತದೆ. ಇದು ಕಣ್ಣೀರಲ್ಲ, ಈ ಒತ್ತಡವನ್ನು ಬಿ.ಪಿ. ಅಳೆದು ತಿಳಿಯಲೂ ಆಗದು. ಆ ಜರಡಿಯಲ್ಲಿ ಹರಿವು ಕುಗ್ಗಿದಾಗ ಒತ್ತಡ ಏರುತ್ತದೆ ಮತ್ತು ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದ ಸುಮಾರು 12 ಲಕ್ಷ ಎಳೆಗಳು ನಿಧಾನವಾಗಿ ಸಾಯತೊಡಗುತ್ತವೆ, ಇದೇ ಗ್ಲಾಕೋಮಾ. ಪೊರೆ ಬಂದರೆ ಆಪರೇಷನ್ ಮಾಡಿಸಿ ದೃಷ್ಟಿಯನ್ನು ಮರಳಿ ಪಡೆಯಬಹುದು, ಆದರೆ ಸತ್ತ ನರದ ಎಳೆಯನ್ನು ಬದುಕಿಸುವ ಔಷಧಿ ಇನ್ನೂ ಬಂದಿಲ್ಲ. ಆದ್ದರಿಂದ ಹನಿಯ ಕೆಲಸ ಇರುವುದನ್ನು ಉಳಿಸುವುದೇ ಹೊರತು ಹೋದದ್ದನ್ನು ತರುವುದಲ್ಲ. ಹನಿ ಹಾಕಿದರೂ ಕಣ್ಣು ಚುರುಕಾಗಲಿಲ್ಲವೆಂದು ಬೇಸರಪಟ್ಟು ಬಿಟ್ಟವರೂ ಇದ್ದಾರೆ.

ಪತ್ರಿಕೆ ಓದಲು ಬೇಕಾಗುವುದು ನೋಟದ ನಟ್ಟನಡುವಿನ ಸಣ್ಣ ಭಾಗ ಮಾತ್ರ. ಗ್ಲಾಕೋಮಾ ಸಾಮಾನ್ಯವಾಗಿ ಅದನ್ನು ಕೊನೆಗೆ ಉಳಿಸಿಕೊಂಡು ಸುತ್ತಲಿನ ನೋಟವನ್ನು ಮೊದಲು ತಿನ್ನುತ್ತದೆ, ಒಂದು ಕಣ್ಣು ಕಳೆದುಕೊಂಡದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ, ಮಿಕ್ಕ ಖಾಲಿಯನ್ನು ಮಿದುಳು ತಾನೇ ಮುಚ್ಚಿಬಿಡುತ್ತದೆ. ಹೊಸ್ತಿಲು ಎಡವುವುದು, ಪಕ್ಕದಿಂದ ಬಂದ ಸ್ಕೂಟರ್ ಹತ್ತಿರಕ್ಕೆ ಬಂದ ಮೇಲಷ್ಟೇ ಕಾಣುವುದು ಇಂಥವು ಶುರುವಾಗುವ ಹೊತ್ತಿಗೆ ಹಾನಿ ಬಹಳವಾಗಿರುತ್ತದೆ. ತಮಿಳುನಾಡಿನಲ್ಲಿ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಪತ್ತೆಯಾದ ಪ್ರತಿ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ತಮಗೆ ಅದಿರುವುದೇ ತಿಳಿದಿರಲಿಲ್ಲ. ಹೀಗಾಗಿ ನಿಮ್ಮ ಸ್ಥಿತಿಯನ್ನು ಹೇಳಬಲ್ಲದ್ದು ಪತ್ರಿಕೆಯಲ್ಲ, ಫೀಲ್ಡ್ ಟೆಸ್ಟ್: ಮಬ್ಬುಗತ್ತಲೆಯಲ್ಲಿ ಒಂದು ಕಣ್ಣು ಮುಚ್ಚಿ, ಗದ್ದವನ್ನು ಯಂತ್ರದ ಮೇಲಿಟ್ಟು, ನಡುವಿನ ಚುಕ್ಕೆಯಿಂದ ದೃಷ್ಟಿ ಕದಲಿಸದೆ, ಅಲ್ಲಲ್ಲಿ ಮಿನುಗುವ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ. ಬೇಸರ ಹುಟ್ಟಿಸುವ ಪರೀಕ್ಷೆಯೇ ಹೌದು, ಮಸುಕು ಬೆಳಕುಗಳು ಎಲ್ಲರಿಗೂ ತಪ್ಪಿಹೋಗುತ್ತವೆ. ಮೊದಲ ಸಲದ ಫಲಿತಾಂಶ ಕೆಟ್ಟದಾಗಿ ಬಂದರೆ ಗಾಬರಿ ಬೇಡ, ಆದರೆ ಹಳೆಯ ವರದಿಗಳನ್ನು ಒಂದೂ ಎಸೆಯಬೇಡಿ. ವೈದ್ಯರು ನೋಡುವುದು ಒಂದನ್ನಲ್ಲ, ಅವುಗಳ ನಡುವಿನ ವ್ಯತ್ಯಾಸವನ್ನು.

15 ಎಂಬ ಸಂಖ್ಯೆಗೂ ಒಂದು ಮಾತು. ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ (ಪಾದರಸದ ಅಳತೆ) ಎನ್ನುತ್ತಾರೆ, ಆದರೆ ಆ ಮಿತಿಯೊಳಗೇ ನರ ಸವೆಯುವವರೂ ಇದ್ದಾರೆ. ನಿಮ್ಮ ನರಕ್ಕೆ ಎಷ್ಟು ಸುರಕ್ಷಿತವೆಂಬ ಗುರಿಯನ್ನು ವೈದ್ಯರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ಸ್ವೀಡನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಪ್ರಕಾರ ಒತ್ತಡ ಒಂದು ಮಿಲಿಮೀಟರ್ ತಗ್ಗಿದರೂ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇ. 10ರಷ್ಟು ಕಡಿಮೆಯಾಗುತ್ತದೆ.

ಹನಿ ಹಾಕುವ ರೀತಿಯನ್ನು ತೋರಿಸಿಕೊಡುವಷ್ಟು ವ್ಯವಧಾನ ಎಲ್ಲ ಕಡೆಯೂ ಇರುವುದಿಲ್ಲ. ಕೈ ತೊಳೆದು, ತಲೆಯನ್ನು ಹಿಂದಕ್ಕೆ ಒರಗಿಸಿ, ಕೆಳರೆಪ್ಪೆಯನ್ನು ಎಳೆದಾಗ ಉಂಟಾಗುವ ಸಣ್ಣ ಜೇಬಿನೊಳಗೆ, ಬಾಟಲಿಯ ತುದಿ ಕಣ್ಣಿಗೆ ತಾಗದಂತೆ ಒಂದೇ ಹನಿ ಬಿಡಿ. ಒಂದು ಹನಿಯನ್ನೇ ಕಣ್ಣು ಪೂರ್ತಿ ಹಿಡಿದುಕೊಳ್ಳಲಾರದು, ಎರಡನೆಯದು ಕೆನ್ನೆಗೆ ಹೋಗುತ್ತದೆ. ಆಮೇಲೆ ರೆಪ್ಪೆ ಬಡಿಯದೆ ಮೆಲ್ಲಗೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಂಚನ್ನು ಬೆರಳಿನಿಂದ ಎರಡು ನಿಮಿಷ ಒತ್ತಿಹಿಡಿಯಿರಿ. ಹನಿ ಹಾಕಿದ ಮೇಲೆ ಗಂಟಲು ಕಹಿಯಾಗುತ್ತಿದ್ದರೆ ಔಷಧಿ ಮೂಗಿನ ದಾರಿಯಲ್ಲಿ ಇಳಿದುಹೋಗುತ್ತಿದೆಯೆಂದೇ ಅರ್ಥ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ. ಒಂದು ರಾತ್ರಿ ಮರೆತರೆ ಮರುದಿನ ಇಮ್ಮಡಿ ಹಾಕುವುದು ಬೇಡ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ, ಹೆಚ್ಚಿನವನ್ನು ತೆರೆದ ನಾಲ್ಕರಿಂದ ಆರು ವಾರಗಳಲ್ಲಿ ಬದಲಿಸಬೇಕಾಗುತ್ತದೆ.

ಉಬ್ಬಸವಿದ್ದರೆ ಅಥವಾ ನಾಡಿಬಡಿತ ನಿಧಾನವಾಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ, ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಎಂಬ ಹನಿ ಅಂಥವರಿಗೆ ಅಪಾಯಕಾರಿ. ಕಣ್ಣು ಕೆಂಪಾಯಿತೆಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಅದೇ ಒತ್ತಡವನ್ನು ಏರಿಸಬಲ್ಲದು. ನಡಿಗೆ ಒಳ್ಳೆಯದು, ಶೀರ್ಷಾಸನದ ಅಭ್ಯಾಸವಿದ್ದರೆ ಬಿಡಿ, ತಲೆಕೆಳಗಾದಾಗ ಕಣ್ಣಿನ ಒತ್ತಡ ಸುಮಾರು ಎರಡರಷ್ಟಾಗುತ್ತದೆ.

ಹನಿಯ ಕಾಟದಿಂದ ಬಿಡುಗಡೆ ಬೇಕೆಂಬುದು ನ್ಯಾಯವಾದ ಆಸೆಯೇ. ಹಾಗಿದ್ದರೆ ‘ನಿಲ್ಲಿಸಲೇ’ ಎಂದು ಕೇಳುವ ಬದಲು ‘ನನ್ನ ಕಣ್ಣಿಗೆ ಎಸ್‌ಎಲ್‌ಟಿ ಲೇಸರ್ ಆಗುತ್ತದೆಯೇ’ ಎಂದು ಕೇಳಿ. ಜರಡಿಯ ಹರಿವನ್ನು ಸುಧಾರಿಸುವ ಈ ಚಿಕಿತ್ಸೆ ಮೊದಲ ಹಂತದಲ್ಲೇ ಹನಿಗೆ ಬದಲಾಗಿ ನಿಲ್ಲಬಲ್ಲದೆಂದು 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ. ಅದರ ಪರಿಣಾಮ ವರ್ಷಗಳು ಕಳೆದಂತೆ ಇಳಿಯಬಹುದು, ತಪಾಸಣೆಯಂತೂ ತಪ್ಪುವುದಿಲ್ಲ. ಹಾಗೆಯೇ ನಿಮ್ಮ ಒಡಹುಟ್ಟಿದವರಿಗೂ ವಯಸ್ಸಿಗೆ ಬಂದ ಮಕ್ಕಳಿಗೂ ಈ ಕಾಯಿಲೆಯ ಸಂಭವ ಉಳಿದವರಿಗಿಂತ ಹೆಚ್ಚು. ಕನ್ನಡಕದಂಗಡಿಯಲ್ಲಿ ನಂಬರು ನೋಡಿಸಿದರೆ ಸಾಲದು, ಒತ್ತಡದ ಜೊತೆಗೆ ದೃಷ್ಟಿನರವನ್ನೂ ಕಣ್ಣಿನ ವೈದ್ಯರಲ್ಲಿ ತೋರಿಸಿಕೊಳ್ಳುವಂತೆ ಅವರಿಗೆ ಹೇಳಿ.